ಮೂರು ದಿನದ ನಿಶ್ಶಬ್ದ

ಯಲ್ದೂರು
18 ಆಗಸ್ಟ್ 2025

ಚಂದ್ರಮೋಹನ್ ಅವರಿಗೆ,

ಕಾಲಿನ ಸದ್ದಿನ ಬಗ್ಗೆ ಏನೋ ಅಂದರು, ಪೂರ್ತಿ ನೆನಪಿಲ್ಲ. ಕೆರೆಯ ಕಟ್ಟೆಯ ಮೇಲೆ ನಡೆಯುತ್ತಾ ಒಂದು ಕಡೆ ನಿಂತು, ಹಿಮ್ಮಡಿಯಿಂದ ನೆಲವನ್ನು ಎರಡು ಸಲ ಗುದ್ದಿ ಚನ್ನರಾಯಪ್ಪ ಅದನ್ನು ಹೇಳಿದರು. ನಾನು ಆಗ ಗುಂಡಿಯ ಆಳ ಅಳೆಯುತ್ತಿದ್ದೆ. ತಲೆಯಾಡಿಸಿರಬೇಕು. ಈಗ ನಿಮಗೆ ಬರೆಯಲು ಕೂತಾಗ ಎಲ್ಲಕ್ಕಿಂತ ಮೊದಲು ಅದೇ ಬಂತು, ಅರ್ಧವಾಗಿ.

ಅವರು ಈ ಊರಿನ ನೀರುಗಂಟಿ. ತೂಬು ತೆಗೆಯುವುದು, ಮುಚ್ಚುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹೇಳುವುದು, ಮಳೆಗಾಲದಲ್ಲಿ ದಿನಕ್ಕೆರಡು ಸಲ ಕಟ್ಟೆಯ ಮೇಲೆ ನಡೆಯುವುದು, ಇವೆಲ್ಲ ಅವರ ತಾತನಿಂದ ಬಂದ ಕೆಲಸ. ಕಟ್ಟೆಯ ಕೆಳಗೆ ನಲವತ್ತು ಮನೆಗಳಿವೆ. ಅವುಗಳಲ್ಲಿ ಕಟ್ಟೆಗೆ ತೀರಾ ಹತ್ತಿರದ್ದು ಅವರ ಮನೆ.

ನೀವು ಹೇಳಿದ ಎಂಟು ಸೆನ್ಸರ್‌ಗಳನ್ನೂ ಕಟ್ಟೆಯ ಉದ್ದಕ್ಕೆ ಹೂಳಿದ್ದಾಯಿತು. ಊರಿನವರು ಅವಕ್ಕೆ ಡಬ್ಬಿ ಅನ್ನುತ್ತಾರೆ. ಮಣ್ಣು ಒದ್ದೆಯಾದರೆ ಡಬ್ಬಿ ಕೂಗುತ್ತದೆ ಎಂದು ಅವರಿಗೆ ವಿವರಿಸಿದ್ದೇನೆ. ಅದು ರೇಡಿಯೋ ಅಲೆಯ ಕೂಗು, ಎಷ್ಟು ಮೆಲ್ಲಗೆ ಎಂದು ವಿವರಿಸಲಿಲ್ಲ. ಮೂರು ಕಿಲೋಮೀಟರ್ ದೂರದ ಹೈಸ್ಕೂಲಿನ ಚಾವಣಿಯ ಮೇಲೆ, ಅದನ್ನು ಕೇಳಲು, ಕಾಲೇಜಿನ ನನ್ನ ವಿದ್ಯಾರ್ಥಿನಿ ಮಾನಸ ಮತ್ತು ಅವಳ ತರಗತಿಯವರು ಹದಿನಾರು ಆಂಟೆನಾ ನಿಲ್ಲಿಸಿದ್ದಾರೆ. ನೀವು ಬರೆದಿದ್ದಂತೆ, ಡಬ್ಬಿ ಹೂಳುವ ಮೊದಲು, ಮೂರು ದಿನದ ನಿಶ್ಶಬ್ದವನ್ನು ದಾಖಲಿಸಿದೆ. ಅಂಕಿಗಳು ನಿಮಗೆ ಈಗಾಗಲೇ ತಲುಪಿರುತ್ತವೆ.

ಕೆರೆಯಲ್ಲಿ ಮೂರನೇ ಒಂದು ಭಾಗ ನೀರಿದೆ. ಈ ವರ್ಷ ತುಂಬುತ್ತದೆ ಎನ್ನುತ್ತಾರೆ, ಹದಿನೆಂಟು ವರ್ಷದ ಮೇಲೆ. ಎಲ್ಲರಿಗೂ ಖುಷಿ. ನನಗೂ.

ಸುನಂದ

*

ಸ್ಪಿತಿ
1 ಸೆಪ್ಟೆಂಬರ್ 2025

ಸುನಂದ ಅವರಿಗೆ,

ನಿಮ್ಮ ಪತ್ರ ನಿನ್ನೆ ಬಂತು, ಹದಿಮೂರು ದಿನ ತೆಗೆದುಕೊಂಡು. ಅಂಕಿಗಳು ಅದೇ ದಿನ ತಂತಿಯ ಮೇಲೆ ಬಂದಿದ್ದವು. ಹಿಮಾಲಯದಲ್ಲಿ ಆಕಾಶಕ್ಕೆ ಕಿವಿಗೊಟ್ಟಿರುವ ನಮ್ಮ ಕೇಂದ್ರದ ಸುತ್ತ ರೇಡಿಯೋ ಅಲೆ ಹೊರಡಿಸುವ ಯಾವ ವಸ್ತುವೂ ಇರಬಾರದು, ಮೊಬೈಲ್ ಕೂಡ. ಕಚೇರಿಯಲ್ಲಿ ಒಂದು ತಂತಿ ಫೋನು ಇದೆ, ತುರ್ತಿಗೆ. ಇರುವ ಒಂದೇ ಲೈನಿನಲ್ಲಿ ಖಾಸಗಿ ಮಾತು ಕಳಿಸುವಂತಿಲ್ಲ. ಹಾಗಾಗಿ ಅಂಕಿಗೆ ಒಂದು ನಿಮಿಷ, ಮಾತಿಗೆ ಎರಡು ವಾರ. ಅಭ್ಯಾಸವಾಗಿದೆ.

ನಿಶ್ಶಬ್ದ ಚೊಕ್ಕವಾಗಿದೆ.

ಮಾನಸಳಿಗೆ ಹೇಳಲು ಅನುಕೂಲವಾಗಲಿ ಎಂದು ಬರೆಯುತ್ತೇನೆ. ನಾನು ಮೊದಲು ಕೆಲಸ ಮಾಡುತ್ತಿದ್ದದ್ದು ಭಾರವಾದ ಪರಮಾಣುಗಳ ಮೇಲೆ. ಅವುಗಳ ಬೀಜಕೇಂದ್ರದೊಳಗೆ ನೂರಾರು ಕಣಗಳು ಒಂದನ್ನೊಂದು ತಳ್ಳುತ್ತಾ ಎಳೆಯುತ್ತಾ ಇರುತ್ತವೆ. ಅದನ್ನು ನೇರವಾಗಿ ಲೆಕ್ಕ ಹಾಕುವುದು ಯಾರಿಂದಲೂ ಆಗಲಿಲ್ಲ. ಸೋತವರು ಒಂದು ದೊಡ್ಡ ಮಾತೃಕೆ ಬರೆದು, ಅದರ ಅಡ್ಡಸಾಲು ಕಂಬಸಾಲುಗಳಲ್ಲಿ ಕಣ್ಣು ಮುಚ್ಚಿಕೊಂಡು ಸಂಖ್ಯೆಗಳನ್ನು ಚೆಲ್ಲಿದರು. ಆಶ್ಚರ್ಯವೆಂದರೆ ಆ ಗೊಂದಲಕ್ಕೂ ಒಂದು ಅಂಚು ಇತ್ತು. ಬರೀ ಗದ್ದಲವಾದರೆ ಮಾತೃಕೆಯಿಂದ ಹಿಂಡಿ ತೆಗೆಯುವ ಐಗನ್ ಸಂಖ್ಯೆಗಳೆಲ್ಲ ಆ ಅಂಚಿನ ಒಳಗೇ ಗುಂಪಾಗಿ ನಿಲ್ಲುತ್ತವೆ. ಒಂದೇ ಒಂದು ಹೊರಗೆ ನಿಂತರೂ ಅಲ್ಲಿ ಯಾರೋ ಇದ್ದಾರೆ ಎಂದು ಅರ್ಥ.

ನಿಮ್ಮ ಚಾವಣಿಯ ಮೇಲೂ ಅದೇ. ಹದಿನಾರು ಆಂಟೆನಾಗಳು ಕೇಳಿದ್ದನ್ನು ಒಂದಕ್ಕೊಂದು ಹೋಲಿಸಿ ಮಾತೃಕೆ ಮಾಡುತ್ತೇವೆ. ನಿಶ್ಶಬ್ದದ ಮೂರು ದಿನಗಳಲ್ಲಿ ಅಲ್ಲಿ ಏನಿತ್ತೋ ಅದನ್ನು ಊರಿನ ಸಹಜ ಗದ್ದಲ ಎಂದು ಹಿಡಿದು, ಮುಂದೆ ಪ್ರತಿದಿನದ ಅಂಕಿಯಿಂದ ಅದನ್ನು ತೊಳೆದುಹಾಕುತ್ತೇವೆ. ಉಳಿದದ್ದರಲ್ಲಿ ಯಾವುದಾದರೂ ಸಂಖ್ಯೆ ಆ ಅಂಚಿನ ಗೆರೆ ದಾಟಿದರೆ ಪಂಚಾಯಿತಿ ಕಚೇರಿಯ ಪರದೆ ಕೆಂಪಾಗುತ್ತದೆ.

ನಿಮ್ಮ ನೀರುಗಂಟಿ ಹಿಮ್ಮಡಿ ಗುದ್ದಿದ್ದು ಓದಿ ನಮ್ಮಪ್ಪ ನೆನಪಾದರು. ಮಾಲೂರಿನ ಹೆಂಚಿನ ಕಾರ್ಖಾನೆಯಲ್ಲಿ ಗೂಡಿನಿಂದ ಇಳಿದ ಹೆಂಚನ್ನು ಅವರು ಒಂದೊಂದಾಗಿ ಬೆರಳಿನಿಂದ ತಟ್ಟಿ ಕಿವಿಯ ಹತ್ತಿರ ಹಿಡಿಯುತ್ತಿದ್ದರು. ಗಟ್ಟಿ ಹೆಂಚು ಠಣ್ಣೆನ್ನುತ್ತದೆ, ಬಿರುಕಿದ್ದರೆ ಮಂಕಾಗಿರುತ್ತದೆ. ಅವರು ಪಕ್ಕಕ್ಕೆ ಎಸೆದ ಹೆಂಚಿನಲ್ಲಿ ನನಗೆ ಎಂದೂ ಬಿರುಕು ಕಂಡಿದ್ದಿಲ್ಲ.

ಚಂದ್ರಮೋಹನ್

*

ಯಲ್ದೂರು
24 ಸೆಪ್ಟೆಂಬರ್ 2025

ಚಂದ್ರಮೋಹನ್ ಅವರಿಗೆ,

ಕೆರೆ ಮುಕ್ಕಾಲು ತುಂಬಿದೆ. ನಾಲ್ಕು ದಿನದ ಹಿಂದೆ ನಡೆದದ್ದನ್ನು ಬರೆಯಬೇಕು.

ಬೆಳಿಗ್ಗೆ ಆರು ಗಂಟೆಗೆ ಚನ್ನರಾಯಪ್ಪ ಕೆಳಗಿನ ಬೀದಿಯ ಮನೆಮನೆಗೂ ಹೋಗಿ ಬಾಗಿಲು ತಟ್ಟಿದ್ದಾರೆ. ಕಟ್ಟೆ ಸರಿಯಿಲ್ಲ, ಶಾಲೆಗೆ ಹೋಗಿ ಎಂದಿದ್ದಾರೆ. ಜನ ಹೋದರು. ಹಸು ಕುರಿ ಹೊಡೆದುಕೊಂಡು, ಮಕ್ಕಳನ್ನು ಎತ್ತಿಕೊಂಡು, ಮಳೆಯಲ್ಲಿ. ನಾನು ತಲುಪಿದಾಗ ಎಂಟು ಗಂಟೆ. ಕೆರೆ ಸಂಘದ ಅಧ್ಯಕ್ಷರಾದ ಮುನಿಕೃಷ್ಣಪ್ಪ ಪಂಚಾಯಿತಿ ಕಚೇರಿಯಲ್ಲಿ ಪರದೆಯ ಮುಂದೆ ಕೂತಿದ್ದರು.

"ಮೇಡಮ್ನೋರೆ, ನಿಮ್ ಮೆಷಿನ್ನು ಏನಂತೈತೆ?"

ಪರದೆ ಹಸಿರಾಗಿತ್ತು. ನಾನು ಅಂಕಿಗಳನ್ನೂ ತೆಗೆದು ನೋಡಿದೆ. ಹದಿನಾರೂ ಗುಂಪಿನ ಒಳಗೇ ಇದ್ದವು.

"ಏನೂ ಹೇಳ್ತಿಲ್ಲ," ಅಂದೆ.

ಸಂಜೆವರೆಗೆ ಕಾದರು. ಏನೂ ಆಗಲಿಲ್ಲ. ಜನ ವಾಪಸ್ಸಾಗುವಾಗ ಚನ್ನರಾಯಪ್ಪ ಶಾಲೆಯ ಗೇಟಿನ ಹತ್ತಿರ ನಿಂತಿದ್ದರು. ಹಾಲಿನ ಡೈರಿಯ ಚಂದ್ರು, "ಅಣ್ಣೋ, ನಿನ್ ಹಿಮ್ಮಡೀಗೊಂದು ಹೊಸ ಬ್ಯಾಟ್ರಿ ಹಾಕ್ಸು, ವೀಕಾಗೈತೆ" ಎಂದ. ಎಲ್ಲರೂ ನಕ್ಕರು. ಕೆಳಗಿನ ಬೀದಿಯ ಹಿರಿಯಜ್ಜಿ ದೊಡ್ಡಗಂಗಮ್ಮ ನಗಲಿಲ್ಲ. "ನಿನ್ ಮಾತು ಕಟ್ಕೊಂಡು ಹಿಟ್ಟಿನ ಮಡಕೆ ಒಲೆ ಮ್ಯಾಗೇ ಬಿಟ್ಟು ಬಂದ್ನಲ್ಲೋ ಮುಂಡೇದೇ, ಸೀದು ಇದ್ಲಾಗಿರ್ತದೆ" ಎಂದು ಬೈದರು.

ಚನ್ನರಾಯಪ್ಪ ಗುಂಪಿನಿಂದ ಈಚೆ ಸರಿದರು. ನನ್ನ ಹತ್ತಿರ ಬಂದು ಹೇಳಿದರು: "ಮೆಷಿನ್ನು ಇಲ್ಲ ಅಂದ್ ಮ್ಯಾಕೆ ನಂದೇನೈತೆ. ಇನ್ನ ನಾನಾಗಿ ಬಾಯಿ ಬಿಡಾಕಿಲ್ಲ ಮೇಡಮ್ನೋರೆ. ಕೇಳಿದ್ರೆ ಹೇಳ್ತೀನಿ."

ಹಾಗಂದದ್ದರಲ್ಲಿ ಕೋಪ ಇರಲಿಲ್ಲ. ಸಂಘದವರು ಈಗ ಅವರಿಗೆ ಕಟ್ಟೆ ನಡೆಯುವ ಕೆಲಸ ಬೇಡ ಎಂದಿದ್ದಾರೆ, ತೂಬು ಮಾತ್ರ ನೋಡಿಕೊಂಡರೆ ಸಾಕಂತೆ.

ಗೆರೆಯನ್ನು ಸ್ವಲ್ಪ ಕೆಳಗಿಳಿಸಬಹುದೇ? ಸ್ವಲ್ಪ, ನನ್ನ ನೆಮ್ಮದಿಗೆ.

ಸುನಂದ

*

ಸ್ಪಿತಿ
8 ಅಕ್ಟೋಬರ್ 2025

ಸುನಂದ ಅವರಿಗೆ,

ಗೆರೆ ಇಳಿಸುವುದು ಬೇಡ. ಎರಡು ಬಗೆಯ ತಪ್ಪುಗಳಿವೆ, ಇಲ್ಲದ್ದನ್ನು ಕೇಳುವುದು ಮತ್ತು ಇರುವುದನ್ನು ಕೇಳದಿರುವುದು. ಒಂದನ್ನು ಕಡಿಮೆ ಮಾಡಿದಷ್ಟೂ ಇನ್ನೊಂದು ಹೆಚ್ಚುತ್ತದೆ. ಇದಕ್ಕೆ ಈವರೆಗೆ ಯಾರೂ ದಾರಿ ಕಂಡುಹಿಡಿದಿಲ್ಲ, ಎಲ್ಲಿ ನಿಲ್ಲಬೇಕು ಎಂದು ಆರಿಸಿಕೊಳ್ಳಬಹುದು ಅಷ್ಟೇ. ಒಂದು ಸುಳ್ಳು ಕರೆಯ ಮೇಲೆ ಜನ ಹೇಗೆ ನಕ್ಕರು ಎಂದು ನೀವೇ ಬರೆದಿದ್ದೀರಿ. ಮೂರು ಸುಳ್ಳು ಕರೆಗಳಾದರೆ ನಾಲ್ಕನೆಯದಕ್ಕೆ ಯಾರೂ ಏಳುವುದಿಲ್ಲ. ನಾನು ಆರಿಸಿದ ಗೆರೆ ಸಾವಿರ ದಿನಕ್ಕೊಮ್ಮೆ ಮಾತ್ರ ಸುಳ್ಳು ಹೇಳುತ್ತದೆ.

ಹೀಗೆ ಬರೆದ ಮೇಲೆ ಅರ್ಧ ದಿನ ಈ ಕಾಗದವನ್ನು ಹಾಗೇ ಇಟ್ಟಿದ್ದೆ.

ನಿಮ್ಮ ಶಾಲೆಯ ಚಾವಣಿಯಿಂದ ಕೆರೆಯ ದಿಕ್ಕಿನಲ್ಲಿ ಯಾವುದಾದರೂ ಮೊಬೈಲ್ ಟವರ್ ಇದೆಯೇ? ಶ್ರೀನಿವಾಸಪುರದ ಕಡೆಯದ್ದು ಗೊತ್ತಿದೆ. ಅದಲ್ಲದೆ ಇನ್ನೊಂದು? ಬಿಡುವಾದಾಗ ನೋಡಿ ಬರೆಯಿರಿ. ತುರ್ತೇನಿಲ್ಲ.

ಇಲ್ಲಿ ಮೊದಲ ಹಿಮ ಬಿತ್ತು. ದಾರಿ ಮುಚ್ಚುವ ಮೊದಲು ಇನ್ನೂ ನಾಲ್ಕೈದು ಟಪಾಲು ಹೋಗಬಹುದು ಎನ್ನುತ್ತಾರೆ.

ಚಂದ್ರಮೋಹನ್

*

ಯಲ್ದೂರು
21 ಅಕ್ಟೋಬರ್ 2025

ಚಂದ್ರಮೋಹನ್ ಅವರಿಗೆ,

ಟವರ್ ಇಲ್ಲ. ಕೆರೆಯ ದಿಕ್ಕಿನಲ್ಲಿ ಇರುವುದು ಕೆರೆ, ಅದರಾಚೆ ಮಾವಿನ ತೋಪು. ನಾನೇ ಚಾವಣಿ ಹತ್ತಿ ನೋಡಿದೆ. ಏಕೆ ಕೇಳಿದಿರಿ ಎಂದು ತಿಳಿಯಲಿಲ್ಲ. ಕೇಳಬಾರದೇನೋ ಎಂದುಕೊಂಡೆ. ಆಮೇಲೆ ಎರಡು ದಿನ ಅದನ್ನೇ ಯೋಚಿಸಿದೆ.

ಈ ತಿಂಗಳ ಮಳೆಗೆ ಕೆರೆ ಕೋಡಿಗೆ ಒಂದು ಅಡಿ ಕೆಳಗಿದೆ. ಮುಳಬಾಗಿಲಿನಿಂದ, ಕೋಲಾರದಿಂದ ಜನ ನೋಡಲು ಬರುತ್ತಾರೆ, ಕಟ್ಟೆಯ ಮೇಲೆ ಫೋಟೋ ತೆಗೆಸಿಕೊಳ್ಳುತ್ತಾರೆ. ಪರದೆ ಹಸಿರಾಗಿಯೇ ಇದೆ.

ಚನ್ನರಾಯಪ್ಪ ಊರು ಬಿಟ್ಟರು. ರಾಯಲ್ಪಾಡಿನಲ್ಲಿ ಮಗಳು ಭಾರತಮ್ಮನ ಮನೆಗೆ. ಮುನಿಸಿಕೊಂಡು ಹೋದರೆಂದು ಎಲ್ಲರೂ ಅನ್ನುತ್ತಾರೆ, ನನಗೂ ಹಾಗೇ ಕಾಣುತ್ತದೆ. ಹೆಂಡತಿಯನ್ನೂ ಮೇಕೆಗಳನ್ನೂ ಟೆಂಪೋದಲ್ಲಿ ಮೊದಲೇ ಕಳಿಸಿ, ತಾವು ಬಸ್ಸಿಗೆ ಬಂದವರು ನಮ್ಮ ಮನೆಯ ಗೇಟಿನ ಹತ್ತಿರ ನಿಂತರು. ಕೈಯಲ್ಲಿ ಕೋಳಿ ಮುಚ್ಚಿದ ಬುಟ್ಟಿ. ಕುಡಿಯಲು ನೀರು ಕೇಳಿದರು. ಕೊಟ್ಟೆ. ಕುಡಿದ ಮೇಲೂ ಚೊಂಬು ಕೈಯಲ್ಲೇ ಇಟ್ಟುಕೊಂಡು ನಿಂತಿದ್ದರು. ನಾನು ಮಗಳ ಆರೋಗ್ಯ ಕೇಳಿದೆ. ಚೆನ್ನಾಗವಳೆ ಎಂದರು. ಮಾವು ಈ ಸಲ ಹೂ ಬಿಡುತ್ತದಾ ಎಂದು ಕೇಳಿದೆ. ಬಿಡ್ತದೆ ಎಂದರು. ಬಸ್ಸು ಬಂತು.

ಮಾನಸ ಒಂದು ಪ್ರಶ್ನೆ ಕೇಳಿದಳು. ಉತ್ತರ ನನಗೆ ಖಚಿತವಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಿಶ್ಶಬ್ದವನ್ನು ದಾಖಲಿಸುವ ಮೊದಲೇ ಡಬ್ಬಿಗಳನ್ನು ಹೂಳಿದ್ದರೆ ಏನಾಗುತ್ತಿತ್ತು? ಆಗಲೇ ಅವುಗಳಲ್ಲಿ ಒಂದು ಒದ್ದೆಯಾಗಿದ್ದಿದ್ದರೆ? ವಿದ್ಯಾರ್ಥಿಗಳ ಪ್ರಶ್ನೆ, ಅಷ್ಟೇ.

ಸುನಂದ

*

ಸ್ಪಿತಿ
3 ನವೆಂಬರ್ 2025

ಸುನಂದ,

ಫೋನು ಇಟ್ಟು ಅರ್ಧ ಗಂಟೆಯಾಗಿದೆ. ಕಾಲೇಜಿನ ಗುಮಾಸ್ತ ಶಿವಶಂಕರ್ ನಿನ್ನನ್ನು ಕರೆತರಲು ಹೋದಾಗ ಆ ಕಡೆ ಗಂಟೆ ಬಾರಿಸಿದ್ದು, ಮಕ್ಕಳು ಓಡಿದ್ದು ಎಲ್ಲ ಕೇಳಿಸಿತು. ನೀನು ಬಂದ ಮೇಲೆ ನಾನು ಮೂರು ವಾಕ್ಯ ಹೇಳಿದೆ. ನೀನು "ಸರಿ" ಎಂದೆ. ಆಮೇಲೆ ಲೈನು ಹೋಯಿತು. ಇನ್ನೊಮ್ಮೆ ಸಿಗುತ್ತಿಲ್ಲ.

ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ, ಯಾವುದೋ ಒಂದು ರೀತಿಯಲ್ಲಿ. ಆದರೂ ಬರೆಯುತ್ತೇನೆ. ಬರೆಯದೆ ಕೂರುವುದಕ್ಕೆ ಆಗುತ್ತಿಲ್ಲ.

ನಿನ್ನ ಪತ್ರ ಇಂದು ಬೆಳಿಗ್ಗೆ ಬಂತು. ಮಾನಸ ಆ ಪ್ರಶ್ನೆ ಕೇಳಿಲ್ಲ ಎಂದು ಓದಿದ ತಕ್ಷಣ ಗೊತ್ತಾಯಿತು. ನೀನು ಏನು ಬಚ್ಚಿಟ್ಟಿದ್ದೆ ಎಂದು ನನಗೆ ತಿಳಿಯಿತು, ಏಕೆಂದರೆ ಅದರ ಇನ್ನೊಂದು ಅರ್ಧ ನನ್ನ ಹತ್ತಿರ ಇತ್ತು. ಆಗಸ್ಟಿನ ಆ ಮೂರು ದಿನದ ಅಂಕಿಗಳಲ್ಲಿ ಹದಿನೈದು ಸಂಖ್ಯೆಗಳು ಗುಂಪಿನಲ್ಲಿದ್ದವು. ಒಂದು ಹೊರಗಿತ್ತು. ಗೆರೆಯಿಂದ ಸ್ವಲ್ಪವೇ ಆಚೆ. ಕೆರೆಯ ದಿಕ್ಕು. ಯಾವುದೋ ಟವರ್ ಎಂದುಕೊಂಡೆ. ಉಳಿದದ್ದು ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಇದೊಂದಕ್ಕೆ ಅದನ್ನು ಕೆಡಿಸಲು ಮನಸ್ಸು ಬರಲಿಲ್ಲ. ನಿನಗೆ ಚೊಕ್ಕವಾಗಿದೆ ಎಂದು ಬರೆದೆ. ಅದನ್ನೂ ಸಹಜ ಗದ್ದಲದ ಲೆಕ್ಕಕ್ಕೆ ಸೇರಿಸಿ ತೊಳೆದುಹಾಕಿದೆ. ಅಂದಿನಿಂದ ಪ್ರತಿದಿನ, ತಪ್ಪದೆ.

ಇಂದು ತೊಳೆಯದೆ ನೋಡಿದೆ. ಅದು ಅಲ್ಲೇ ಇದೆ. ಆರನೆಯ ಡಬ್ಬಿ. ಎಂಬತ್ತು ದಿನಗಳಿಂದ ಕೂಗುತ್ತಿದೆ. ಎಷ್ಟು ಕೂಗಿದರೂ ಪರದೆ ಕೆಂಪಾಗದ ಹಾಗೆ ಮಾಡಿದ್ದು ನನ್ನ ಗಣಿತ. ಗಣಿತದಲ್ಲಿ ತಪ್ಪಿಲ್ಲ. ಇದನ್ನು ಸಮಾಧಾನಕ್ಕೆ ಬರೆಯುತ್ತಿಲ್ಲ.

ಹೆಂಚಿನ ಕಥೆ ಬರೆದು ಕೈ ತೊಳೆದುಕೊಂಡೆ ನೋಡು. ಅವರು ಹಿಮ್ಮಡಿ ಗುದ್ದಿದ್ದು ಯಾವ ಗುಂಡಿಯ ಹತ್ತಿರ ಎಂದು ಕೇಳಬಹುದಿತ್ತು.

ಇಲ್ಲಿ ಎಲ್ಲರೂ ಊಟಕ್ಕೆ ಹೋಗಿದ್ದಾರೆ. ಫೋನು ಕಚೇರಿಯ ಗೋಡೆಯ ಮೇಲಿದೆ. ನಾನು ಅದರ ಕೆಳಗೆ ಕೂತು ಬರೆಯುತ್ತಿದ್ದೇನೆ.

ಚಂದ್ರಮೋಹನ್

*

ಯಲ್ದೂರು
9 ನವೆಂಬರ್ 2025

ಚಂದ್ರಮೋಹನ್ ಅವರಿಗೆ,

ಯಾರೂ ಸತ್ತಿಲ್ಲ. ಶಿವಶಂಕರ್ ನಾಲ್ಕನೆಯ ತಾರೀಕು ನಿಮ್ಮ ಕೇಂದ್ರಕ್ಕೆ ಫೋನು ಮಾಡಿ ಇಷ್ಟನ್ನೇ ಹೇಳಿದ್ದಾನೆ. ಉಳಿದದ್ದನ್ನು ಈಗ ಬರೆಯುತ್ತೇನೆ. ನಿಮ್ಮ ಮೂರನೆಯ ತಾರೀಕಿನ ಕಾಗದ ಏನಾದರೂ ಹೊರಟಿದ್ದರೆ ಇನ್ನೂ ದಾರಿಯಲ್ಲಿರಬೇಕು. ಫೋನಿನಲ್ಲಿ ನೀವು ನನ್ನನ್ನು ನೀನು ಎಂದಿರಿ. ಗಮನಿಸಿದ್ದೇನೆ.

ನಿಶ್ಶಬ್ದಕ್ಕಿಂತ ಮೊದಲೇ ಡಬ್ಬಿಗಳನ್ನು ಹೂಳಿಸಿದ್ದೆ. ಮುನಿಕೃಷ್ಣಪ್ಪನವರ ಆಳುಗಳು ಆ ಒಂದು ಶನಿವಾರ ಮಾತ್ರ ಸಿಗುವವರಿದ್ದರು, ಮರುವಾರ ಎಲ್ಲರೂ ಟೊಮೆಟೊ ಕೀಳಲು ಹೋಗುತ್ತಿದ್ದರು. ಮೂರು ದಿನ ಹಿಂದೆ ಮುಂದೆ ಆದರೆ ಏನು, ಒಣ ಮಣ್ಣಿನಲ್ಲಿ ಡಬ್ಬಿ ಸುಮ್ಮನಿರುತ್ತದಲ್ಲ ಎಂದುಕೊಂಡೆ. ನಿಮಗೆ "ಮೊದಲು" ಎಂದು ಬರೆದೆ.

ನಿಮ್ಮ ಫೋನು ಬಂದಾಗ ಹನ್ನೊಂದೂಕಾಲು. ನಾನು ಊರಿಗೆ ಓಡಲಿಲ್ಲ. ಇದನ್ನು ಯಾರಿಗೂ ಹೇಳಿಲ್ಲ. ಆಂಟೆನಾ ಇರುವ ಶಾಲೆಗೆ ಹೋಗಿ, ನಿಶ್ಶಬ್ದದಿಂದ ತೊಳೆಯುವ ಲೆಕ್ಕವನ್ನು ತೆಗೆದುಹಾಕಿ, ಒಂದು ವಾರದ ಅಂಕಿಗಳನ್ನು ಮತ್ತೆ ಮಾತೃಕೆಗೆ ಹಾಕಿ ನೋಡಿದೆ. ಸಾಲದೆ ಇನ್ನೊಂದು ವಾರದ್ದು. ನೀವು ಹೇಳಿದ್ದು ಸಾಕಾಗಿರಲಿಲ್ಲವೆಂದಲ್ಲ. ಸೆಪ್ಟೆಂಬರಿನ ನಗು ಕಿವಿಯಲ್ಲಿತ್ತು. ಹೊರಟಾಗ ಒಂದೂವರೆ. ಆ ಎರಡು ಗಂಟೆಯಲ್ಲಿ ಕಟ್ಟೆ ಕುಸಿದಿದ್ದರೆ ಎಂದು ಈಗ ದಿನವೂ ಲೆಕ್ಕ ಹಾಕುತ್ತೇನೆ. ಉತ್ತರ ನಲವತ್ತು ಮನೆ ಎಂದೇ ಬರುತ್ತದೆ.

ಯಾರೂ ಏಳಲಿಲ್ಲ. ದೇವಸ್ಥಾನದ ಮೈಕಿನಲ್ಲಿ ಮುನಿಕೃಷ್ಣಪ್ಪ ಕೂಗಿದರು, ನಾನು ಕೂಗಿದೆ. ಚಂದ್ರು ಬಂದು, "ಮೇಡಂ, ಆವತ್ತು ನೀವೇ ತಾನೆ ಏನೂ ಇಲ್ಲ ಅಂದಿದ್ದು? ಇವತ್ತೂ ಟೀವಿ ಹಸ್ರಾಗೇ ಐತಲ್ಲ" ಎಂದ. ನಾನು ತೊಳೆದುಹಾಕಿದ ಸಂಕೇತ, ಹೊರಗೆ ನಿಂತ ಸಂಖ್ಯೆ ಎಂದು ಏನೇನೋ ಹೇಳಿದೆ. ದೊಡ್ಡಗಂಗಮ್ಮ ಜಗುಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಾ ನನ್ನನ್ನೇ ನೋಡುತ್ತಿದ್ದರು.

"ಅದೆಲ್ಲ ಇರ್ಲಿ ಕಣವ್ವ. ಚನ್ರಾಯಪ್ಪ ಏನಂದ?"

"ಅವರು ಊರಲ್ಲಿಲ್ವಲ್ಲ, ರಾಯಲ್ಪಾಡಿಗೆ ಹೋದ್ರಲ್ಲ."

"ಮುನಿಸ್ಕೊಂಡು ಮಗಳ ಮನೇಗೋದೋನು ನಾಕ್ ದಿನ ಇದ್ದು ಬರ್ತಾನೆ ಬಿಡು. ಮೇಕೆ ನೋಡ್ಕೊಳ್ಳಾಕೆ ಹೆಂಡ್ರು ಅವಳಲ್ಲ."

"ಹೆಂಡತೀನೂ ಕರ್ಕೊಂಡು ಹೋದ್ರು. ಮೇಕೆನೂ. ಕೋಳಿ ಬುಟ್ಟಿ ಅವರ ಕೈಯಲ್ಲೇ ಇತ್ತು, ನಾನೇ ನೋಡ್ದೆ."

ಅವರ ಕೈ ನಿಂತಿತು.

"ಕೋಳೀನೂ ತಗೊಂಡೋದ್ನಾ?"

"ಹೂಂ."

ಮೊರ ಕೆಳಗಿಟ್ಟು ಎದ್ದರು. "ಏಳ್ರೋ ಲೇ!" ಎಂದು ಬೀದಿಗೆ ಕೇಳುವ ಹಾಗೆ ಕೂಗಿದರು. "ಕೋಳಿ ತಗೊಂಡೋಗವ್ನಂತೆ!" ಆಮೇಲೆ ನಾನು ಏನೂ ವಿವರಿಸಬೇಕಾಗಲಿಲ್ಲ. ನಾಲ್ಕು ಗಂಟೆಯೊಳಗೆ ಬೀದಿ ಖಾಲಿ. ಸಂಜೆ ಜೆಸಿಬಿ ತರಿಸಿ, ನೀರು ಇಳಿಯಲಿ ಎಂದು ಕೋಡಿಯನ್ನು ಅರ್ಧ ಆಳುದ್ದ ಅಗೆಸಿದರು. ಮರುದಿನ ಬೆಳಿಗ್ಗೆ ಆರೂವರೆಗೆ ಆರನೆಯ ಡಬ್ಬಿಯಿದ್ದ ಕಡೆ ಕಟ್ಟೆ ಕುಸಿಯಿತು. ಕೆಳಗೆ ಎಂದೋ ಮುಚ್ಚಿದ್ದ ಹಳೇ ತೂಬೊಂದಿತ್ತು, ಈಗ ಎಲ್ಲರಿಗೂ ಕಾಣುತ್ತದೆ. ಹನ್ನೊಂದು ಮನೆಗಳಲ್ಲಿ ಸೊಂಟದವರೆಗೆ ಕೆಸರು. ಮುನಿಕೃಷ್ಣಪ್ಪನವರ ರೇಷ್ಮೆ ಹುಳುವಿನ ಮನೆ ಇಲ್ಲ. ಚನ್ನರಾಯಪ್ಪನವರ ಮನೆ ಇದ್ದಲ್ಲಿ ಬಾಗಿಲ ಚೌಕಟ್ಟು ನಿಂತಿದೆ.

ನನ್ನನ್ನು ಹೊಗಳುತ್ತಿದ್ದಾರೆ. ಶಾಲೆಯಲ್ಲಿ ಹಾರ ಹಾಕಿದರು.

ಹೂಳಿದ ದಿನ ಮಾನಸ ಮೊಬೈಲಿನಲ್ಲಿ ವಿಡಿಯೋ ಮಾಡಿದ್ದಳಂತೆ. ಮೊನ್ನೆ ತೋರಿಸಿದಳು. ಆರನೆಯ ಗುಂಡಿ. ನಾನು ಟೇಪು ಹಿಡಿದು ಬಗ್ಗಿದ್ದೇನೆ. ಚನ್ನರಾಯಪ್ಪ ಹಿಮ್ಮಡಿ ಗುದ್ದುತ್ತಾರೆ. "ಬ್ಯಾರೆ ಕಡೆ ಕಾಲಿಕ್ಕಿದ್ರೆ ಸದ್ದು ಬರ್ತದೆ ಮೇಡಮ್ನೋರೆ. ಇಲ್ಲಿ ಬರಲ್ಲ. ಯಾವತ್ತೂ ಹಿಂಗೇ, ಬ್ಯಾಸಿಗ್ಯಾಗೂನು. ಇದು ಒಳ್ಳೇದಲ್ಲ." ನಾನು ತಲೆಯೆತ್ತದೆ, "ಹೌದಾ, ಸರಿ ಸರಿ, ಮುಚ್ಚಿ" ಎನ್ನುತ್ತೇನೆ. ನನ್ನ ದನಿ ಚೆನ್ನಾಗಿಯೇ ಇದೆ. ಗಡಿಬಿಡಿಯೂ ಇಲ್ಲ.

ನಿನ್ನೆ ರಾಯಲ್ಪಾಡಿಗೆ ಹೋಗಿದ್ದೆ. ಭಾರತಮ್ಮ ಬಾಗಿಲಲ್ಲೇ, "ನಾಯನ ಲೇಡಮ್ಮಾ, ಅಪ್ಪ ತೋಪಿಗೆ ಹೋಗವ್ರೆ" ಎಂದಳು. ಚನ್ನರಾಯಪ್ಪ ಹೊರಗೆ ಹೋಗುವಾಗ ಹಿಡಿಯುವ ಕೋಲು ಗೋಡೆಗೆ ಒರಗಿತ್ತು. ಕೋಳಿಗಳು ಅಂಗಳದಲ್ಲಿದ್ದವು. ಚೊಂಬಿನಲ್ಲಿ ನೀರು ಕೊಟ್ಟಳು. ಕುಡಿದು, ಚೊಂಬು ಕೈಯಲ್ಲಿಟ್ಟುಕೊಂಡು ಕೂತೆ. ಐದು ಗಂಟೆಯ ಬಸ್ಸಿನವರೆಗೂ ಯಾರೂ ಬರಲಿಲ್ಲ. ಒಳಗೆ ಯಾರೋ ಒಂದು ಸಲ ಕೆಮ್ಮಿದರು.

ಬಸ್ಸಿನಲ್ಲಿ ಕೂತ ಮೇಲೆ, ಬಾಗಿಲಲ್ಲಿ ಆಡಬೇಕೆಂದುಕೊಂಡಿದ್ದ ಮಾತೆಲ್ಲ ಹೋಗಿ ಒಂದೇ ಉಳಿಯಿತು. ಅದು ನಿಮಗೆ ಬರೆಯುವಂಥದ್ದಲ್ಲ, ಆದರೂ ಬೇರೆಲ್ಲೂ ಇಡಲು ಜಾಗವಿಲ್ಲ. ಚನ್ನರಾಯಪ್ಪನೋರೆ, ಕೇಳಿದ್ರೆ ಹೇಳ್ತೀನಿ ಅಂದಿದ್ರಿ. ಆವತ್ತು ನಮ್ಮ ಗೇಟಿನ ಹತ್ರ ಚೊಂಬು ಹಿಡ್ಕೊಂಡು, ಬಸ್ಸು ಬರೋವರೆಗೂ, ನಾನು ಏನು ಕೇಳ್ಲಿ ಅಂತ ಕಾಯ್ತಾ ಇದ್ರಿ?